ಕಿಟಕಿ ಯಾವ ಕಡೆಗೆ?

ಟೈಟಾನಿಕ್ ಹಡಗಿನ ಮೂರನೇ ದರ್ಜೆಯಲ್ಲಿ ಏಳುನೂರಕ್ಕೂ ಹೆಚ್ಚು ಜನರಿದ್ದರು. ಅವರಿಗಿದ್ದ ಸ್ನಾನದ ತೊಟ್ಟಿಗಳು ಎರಡೇ. ಮೊದಲನೇ ದರ್ಜೆಯವರಿಗೆ ಈಜುಕೊಳವೂ ಟರ್ಕಿಶ್ ಸ್ನಾನಗೃಹವೂ ಇದ್ದವು. ಆಗ ಹಡಗಿನಲ್ಲಿ ಕ್ಲಾಸ್ ಎಂದರೆ ಮನುಷ್ಯರನ್ನು ವಿಂಗಡಿಸುವ ಗೋಡೆ. ಇಂದಿನ ಕ್ರೂಸ್ ಲೋಕದಲ್ಲಿ ಆ ಮಾತಿಗೆ ಬೇರೆಯೇ ಅರ್ಥವಿದೆ. ಒಂದೇ ನಕ್ಷೆಯಲ್ಲಿ ಕಟ್ಟಿದ ಅಕ್ಕತಂಗಿ ಹಡಗುಗಳೆಲ್ಲ ಸೇರಿ ಒಂದು ಕ್ಲಾಸ್. ಸಾಮಾನ್ಯವಾಗಿ ಹಿರಿಯಕ್ಕನ ಹೆಸರೇ ಇಡೀ ಕ್ಲಾಸಿಗೆ. ಹಾಗಾದರೆ ಹಳೆಯ ಅರ್ಥ ಅಳಿಸಿಹೋಯಿತೇ? ಇಲ್ಲ. ಅದು ಕೋಣೆಯ ಕಿಟಕಿಯಲ್ಲಿ ಹೋಗಿ ಕೂತಿದೆ.

ರಾಯಲ್ ಕೆರಿಬಿಯನ್ ಕಂಪನಿಯ ಹಡಗುಗಳನ್ನೇ ಹಿಡಿದು ನೋಡಿದರೆ ಇದು ಚೆನ್ನಾಗಿ ಕಾಣುತ್ತದೆ. 1970ರಲ್ಲಿ ಬಂದ ಅದರ ಮೊದಲ ಹಡಗು ‘ಸಾಂಗ್ ಆಫ್ ನಾರ್ವೆ’ ಸುಮಾರು 18 ಸಾವಿರ ಟನ್ನಿನದು. (ಈ ಟನ್ನು ತೂಕವಲ್ಲ, ಹಡಗಿನ ಒಳಜಾಗದ ಅಳತೆ.) ಕೋಣೆಗಳು ಇಕ್ಕಟ್ಟು. ಹಗಲು ಕಳೆಯುವುದು ಡೆಕ್ಕಿನ ಮೇಲೆ, ಈಜುಕೊಳದ ಸುತ್ತ. ಹೊಗೆಕೊಳವೆಗೆ ಆತುಕೊಂಡಂತೆ ಎತ್ತರದಲ್ಲಿ ಗಾಜಿನ ಲೌಂಜ್ ಒಂದನ್ನು ಕಟ್ಟಿದ್ದರು. ಅಲ್ಲಿ ಕೂತರೆ ಸುತ್ತಲೂ ನೀರೇ ನೀರು. ಸಮುದ್ರವೇ ಆಗ ದೊಡ್ಡ ಸೌಲಭ್ಯ. 1984ರಲ್ಲಿ ಪ್ರಿನ್ಸೆಸ್ ಕಂಪನಿ ತನ್ನ ‘ರಾಯಲ್ ಪ್ರಿನ್ಸೆಸ್’ ಹಡಗಿನಲ್ಲಿ ಪ್ರಯಾಣಿಕರ ಎಲ್ಲ ಕೋಣೆಗಳನ್ನೂ ಹೊರಮುಖವಾಗಿಯೇ ಕಟ್ಟಿಸಿತು. ಕ್ರೂಸ್ ಚರಿತ್ರೆಯಲ್ಲಿ ಇಷ್ಟು ಸಮಾನತೆಯ ನಕ್ಷೆ ಅಪರೂಪ.

ರಾಯಲ್ ಕೆರಿಬಿಯನ್‌ನ 1988ರ ‘ಸಾವರಿನ್ ಆಫ್ ದ ಸೀಸ್’ ಒಮ್ಮೆಲೇ 73 ಸಾವಿರ ಟನ್ನಿಗೆ ಜಿಗಿಯಿತು. ನಡುವೆ ಹಲವು ಅಂತಸ್ತಿನ ಒಳಾಂಗಣ, ಅದರಲ್ಲಿ ಮೇಲೆ ಕೆಳಗೆ ಓಡಾಡುವ ಗಾಜಿನ ಲಿಫ್ಟು. ಕಣ್ಣು ಒಳಕ್ಕೆ ತಿರುಗತೊಡಗಿದ್ದು ಇಲ್ಲಿಂದ.

ನಿಜವಾದ ತಿರುವು 1999ರ ವಾಯೇಜರ್ ಕ್ಲಾಸ್. ಪನಾಮಾ ಕಾಲುವೆಯಲ್ಲಿ ಹಡಗುಗಳನ್ನು ಏರಿಸಿ ಇಳಿಸುವ ಹಳೆಯ ಲಾಕುಗಳ ಅಗಲ 33.5 ಮೀಟರ್. ಅದಕ್ಕೆ ಹೊಂದಬೇಕೆಂದೇ ಅಲ್ಲಿಯವರೆಗಿನ ಬಹುಪಾಲು ದೊಡ್ಡ ಕ್ರೂಸ್ ಹಡಗುಗಳು 32 ಮೀಟರಿನ ಆಸುಪಾಸಿನಲ್ಲಿ ನಿಲ್ಲುತ್ತಿದ್ದವು. ಫಿನ್ಲೆಂಡಿನ ತುರ್ಕುವಿನಲ್ಲಿ ಕಟ್ಟಿದ ‘ವಾಯೇಜರ್’ ಆ ಹಂಗನ್ನು ಬಿಟ್ಟು 38 ಮೀಟರ್ ದಾಟಿತು. ಹಡಗು ಅಗಲವಾದಷ್ಟೂ ನಡುಭಾಗಕ್ಕೆ ಬೆಳಕಿಲ್ಲ. ಕಿಟಕಿಯಿಲ್ಲದ ಕೋಣೆಗೆ ಹೆಚ್ಚು ದುಡ್ಡೂ ಹುಟ್ಟುವುದಿಲ್ಲ. ಅದಕ್ಕೆ ವಿನ್ಯಾಸಕಾರರು ಹಡಗಿನ ಹೊಟ್ಟೆಯಲ್ಲೇ ನಾಲ್ಕು ಅಂತಸ್ತಿನೆತ್ತರದ ಪೇಟೆಬೀದಿಯೊಂದನ್ನು ಹಾಯಿಸಿದರು: ಅಂಗಡಿಗಳು, ಕಾಫಿ, ಪಬ್ಬು. ಎರಡೂ ಬದಿಯ ಮೇಲಂತಸ್ತಿನ ಕೋಣೆಗಳ ಕಿಟಕಿಗಳು ಈ ಬೀದಿಗೆ ತೆರೆದವು. ಪರದೆ ಸರಿಸಿದರೆ ಕಾಣುವುದು ಅಲೆಯಲ್ಲ, ಕೈಯಲ್ಲಿ ಐಸ್‌ಕ್ರೀಂ ಹಿಡಿದು ಹೋಗುವ ಜನ. ಸ್ಕೇಟಿಂಗಿಗೆ ಮಂಜುಗಡ್ಡೆಯ ಅಂಗಳ, ಹತ್ತಲು ಬಂಡೆಗೋಡೆ ಇವೆಲ್ಲ ಪ್ರಚಾರ ಪಡೆದವು ನಿಜ. ಆದರೆ ಮುಂದಿನ ಹಡಗುಗಳ ಹಾದಿ ನಿರ್ಧರಿಸಿದ್ದು ಈ ಒಳಗಿಟಕಿ.

2006ರ ಫ್ರೀಡಂ ಕ್ಲಾಸ್ ಅದೇ ನಕ್ಷೆಯನ್ನು ಹಿಗ್ಗಿಸಿ ಅಲೆಸವಾರಿಯ ಯಂತ್ರ ಸೇರಿಸಿತು, ಅಷ್ಟೆ. 2009ರ ಓಯಸಿಸ್ ಕ್ಲಾಸ್ ಮಾತ್ರ ನನ್ನನ್ನು ಇಂದಿಗೂ ಬೆರಗುಗೊಳಿಸುತ್ತದೆ. 2,25,000 ಟನ್ನಿನ ಹಡಗಿನ ಮೇಲ್ಭಾಗವನ್ನು ನಡುವೆ ಸೀಳಿ ಆಕಾಶಕ್ಕೆ ತೆರೆದಿಟ್ಟರು. ನಮ್ಮ ತೊಟ್ಟಿಮನೆಯ ಉಪಾಯವೇ ಇದು: ನಡುವೆ ಬಯಲು, ಸುತ್ತ ಕೋಣೆ, ಮೇಲಿನಿಂದ ಗಾಳಿ ಬೆಳಕು. ಆ ಬಯಲಿನಲ್ಲಿ 12 ಸಾವಿರಕ್ಕೂ ಹೆಚ್ಚು ನಿಜವಾದ ಗಿಡಗಳ ತೋಟವಿದೆ. ಬಾಲ್ಕನಿಗಳೇನೋ ಹೆಚ್ಚಿದವು, ಆದರೆ ಅವುಗಳಲ್ಲಿ ಹಲವು ತೋಟದ ಕಡೆಗೆ. 2014ರ ಕ್ವಾಂಟಮ್ ಕ್ಲಾಸ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಒಳಕೋಣೆಯ ಗೋಡೆಗೆ ದೊಡ್ಡ ಪರದೆ ಹಾಕಿ ಹೊರಗಿನ ಕಡಲನ್ನು ಕ್ಯಾಮೆರಾದಿಂದ ತೋರಿಸಿತು. 2024ರ ‘ಐಕಾನ್ ಆಫ್ ದ ಸೀಸ್’ 365 ಮೀಟರ್ ಉದ್ದ, ಸುಮಾರು 2,48,000 ಟನ್; ಏಳು ಈಜುಕೊಳ, ಆರು ಜಾರುಬಂಡೆಗಳ ನೀರಾಟದ ಪಾರ್ಕು ಅದರಲ್ಲಿವೆ.

ಈ ಹೊತ್ತಿಗೆ ಮನುಷ್ಯರನ್ನು ವಿಂಗಡಿಸುವ ಆ ಹಳೆಯ ಗೋಡೆಯೂ ಮರಳಿತ್ತು. 2008ರ ‘ಎಂಎಸ್‌ಸಿ ಫಂಟಾಸಿಯಾ’ ಹಡಗು ಹೆಚ್ಚು ಹಣ ಕೊಟ್ಟವರಿಗೆಂದೇ ಪ್ರತ್ಯೇಕ ಈಜುಕೊಳ, ಲೌಂಜ್, ಬಟ್ಲರ್ ಸೇವೆಯ ‘ಯಾಟ್ ಕ್ಲಬ್’ ತೆರೆಯಿತು. ರಾಯಲ್ ಕೆರಿಬಿಯನ್ ತನ್ನ ದುಬಾರಿ ಕೋಣೆಗಳ ಗುಂಪಿಗೆ ಇಟ್ಟ ಹೆಸರಲ್ಲೇ ‘ಕ್ಲಾಸ್’ ಇದೆ. ಸೌಲಭ್ಯಗಳ ಪಟ್ಟಿ ಬೆಳೆದದ್ದನ್ನು ಪ್ರಗತಿ ಎಂದು ಒಪ್ಪುತ್ತೇನೆ. ಕಡಲು ಕಾಣುವುದೇ ಹೆಚ್ಚುವರಿ ದರದ ಬಾಬತ್ತು ಆದದ್ದನ್ನು ಒಪ್ಪಲಾರೆ.

ನಮ್ಮ ಕಡೆಯವರು ಕ್ರೂಸ್ ಎಂದೊಡನೆ ನೆನೆಯುವುದು ಮುಂಬೈಯಿಂದ ಹೊರಡುವ ಕಾರ್ಡೇಲಿಯಾದ ‘ಎಂಪ್ರೆಸ್’ ಹಡಗನ್ನು. 2021ರಿಂದ ಇಲ್ಲಿ ಓಡುತ್ತಿರುವ ಅದು 1990ರಲ್ಲಿ ರಾಯಲ್ ಕೆರಿಬಿಯನ್‌ನಲ್ಲೇ ಸೇವೆಗಿಳಿದ ‘ನಾರ್ಡಿಕ್ ಎಂಪ್ರೆಸ್’. ಸುಮಾರು 48 ಸಾವಿರ ಟನ್, ಅಂದರೆ ಐಕಾನ್‌ನ ಐದನೇ ಒಂದು ಪಾಲು. ಬಾಲ್ಕನಿ ಕೋಣೆಗಳು ಕಡಿಮೆ, ಜೈನ ಊಟ ಸಿಗುತ್ತದೆ, ಡೆಕ್ಕಿಗೆ ಬಂದರೆ ಕಡಲು ಎದುರಿಗೇ. ಯಾವ ಹಡಗೇ ಆಗಲಿ, ಟಿಕೆಟ್ ಮಾಡಿಸುವ ಮುನ್ನ ಡೆಕ್ಕಿನ ನಕ್ಷೆ ತರಿಸಿಕೊಳ್ಳಿ. ಜಾರುಬಂಡೆ ಎಷ್ಟಿವೆ ಎಂದು ಎಣಿಸುವ ಮೊದಲು ನಿಮ್ಮ ಕೋಣೆಯ ಕಿಟಕಿ ಯಾವ ಕಡೆಗಿದೆ ನೋಡಿ.

ಹಾಗೆಯೇ ನಿಮ್ಮ ಹಾಸಿಗೆ ಸರಿಮಾಡುವವರನ್ನು, ಊಟ ಬಡಿಸುವವರನ್ನು ಊರು ಯಾವುದೆಂದು ಕೇಳಿ. ಮಂಗಳೂರು ಸೀಮೆಯಿಂದ ಶಿಪ್ಪಿನ ಕೆಲಸಕ್ಕೆ ಹೋದವರು ಬಹಳ ಮಂದಿ. ಅವರು ಮಲಗುವ ಕೋಣೆಗಳು ಹೆಚ್ಚಾಗಿ ಕೆಳಗಿನ ಡೆಕ್ಕುಗಳಲ್ಲಿ, ನೀರಿನ ಮಟ್ಟದ ಆಸುಪಾಸಿನಲ್ಲಿ ಇರುತ್ತವೆ. ಬಹುಪಾಲು ಕೋಣೆಗಳಿಗೆ ಕಿಟಕಿಯೇ ಇಲ್ಲ.