ಗಾಳಿಯಿಲ್ಲದಲ್ಲಿ ಹಾಯಿ

ಧಾರವಾಡ ಜಿಲ್ಲೆಯ ತಿರ್ಲಾಪುರದಂಥ ಊರಿನಲ್ಲಿ ಕುಳಿತು, ಟೀವಿಯಲ್ಲಿ ಮೋಡಗಳ ಚಿತ್ರ ನೋಡಿ, ಹಿಂಗಾರು ಕೈಹಿಡಿದೀತೇ ಎಂದು ಲೆಕ್ಕ ಹಾಕಿದವರು ನಿಮ್ಮಲ್ಲಿ ಅನೇಕರಿದ್ದೀರಿ. 1990ರ ದಶಕದಲ್ಲಿ ಆ ಚಿತ್ರಗಳನ್ನೂ ದೂರದರ್ಶನದ ಕಾರ್ಯಕ್ರಮಗಳನ್ನೂ ನಿಮ್ಮವರೆಗೆ ಮುಟ್ಟಿಸುತ್ತಿದ್ದುದು ಇನ್ಸಾಟ್ ಉಪಗ್ರಹಗಳು. ಅವುಗಳಿಗೆ ಒಂದು ಹಾಯಿಯನ್ನೂ ಕಟ್ಟಿದ್ದರೆಂದರೆ ನಂಬುತ್ತೀರಾ? ಗಾಳಿಯೇ ಇಲ್ಲದ ಕಡೆ ಹಾಯಿ!

ಅದು ಬೆಳಕಿಗೆ ಒಡ್ಡಿದ ಹಾಯಿ. ಬೆಳಕು ತಾನು ಬಿದ್ದ ವಸ್ತುವನ್ನು ತಳ್ಳುತ್ತದೆಂದು ಮ್ಯಾಕ್ಸ್‌ವೆಲ್ 1873ರಲ್ಲಿ ಗಣಿತದಿಂದ ತೋರಿಸಿದ್ದ. ಪ್ರಯೋಗದಲ್ಲಿ ಅದನ್ನು ಹಿಡಿಯುವುದು ಸುಲಭವಿರಲಿಲ್ಲ; ಗಾಜಿನ ಬುರುಡೆಯಲ್ಲಿ ಉಳಿದ ಅಷ್ಟಿಷ್ಟು ಗಾಳಿಯೇ ಬಿಸಿಯಾಗಿ, ಬೆಳಕಿಗಿಂತ ಜೋರಾಗಿ ತಳ್ಳಿ ಲೆಕ್ಕ ಕೆಡಿಸುತ್ತಿತ್ತು. ಕೊನೆಗೆ 1901ರ ವೇಳೆಗೆ ಮಾಸ್ಕೋದ ಲೆಬೆದೆವ್ ಹಾಗೂ ಅಮೆರಿಕದ ನಿಕೋಲ್ಸ್ ಮತ್ತು ಹಲ್ ಗೆದ್ದರು.

ಇನ್ಸಾಟಿಗೆ ಇದರ ಗೊಡವೆ ಏಕೆ? ಹವಾಮಾನದ ಕ್ಯಾಮೆರಾದ ಶಾಖ ಗುರುತಿಸುವ ಭಾಗ ತೀರ ತಣ್ಣಗಿರಬೇಕು. ಅದಕ್ಕಾಗಿ ಉಪಗ್ರಹದ ಒಂದು ಪಕ್ಕ ಕತ್ತಲ ಆಕಾಶಕ್ಕೆ ತೆರೆದಿರಬೇಕು. ಹಾಗಾಗಿ ಸೌರಫಲಕಗಳೆಲ್ಲ ಇನ್ನೊಂದೇ ಪಕ್ಕಕ್ಕೆ. ಒಂದು ಚದರ ಮೀಟರ್ ಕನ್ನಡಿಯ ಮೇಲೆ ಬಿಸಿಲಿನ ಒತ್ತಡ 1 ಮಿಲಿಗ್ರಾಂ ತೂಕದಷ್ಟೂ ಇಲ್ಲ. ಆದರೂ ತಿಂಗಳುಗಟ್ಟಲೆ ಒಂದೇ ಕಡೆ ಒತ್ತಿದರೆ ಉಪಗ್ರಹ ವಾಲುತ್ತದೆ. ಇಂಧನ ಉರಿಸಿ ನೆಟ್ಟಗೆ ಮಾಡಬಹುದು, ಆದರೆ ಇಂಧನವೇ ಉಪಗ್ರಹದ ಆಯುಷ್ಯ. 1982ರ ಏಪ್ರಿಲ್‌ನಲ್ಲಿ ಹೋದ ಇನ್ಸಾಟ್-1ಎ, ಇಂಧನ ತೀರಿ ಸೆಪ್ಟೆಂಬರಿನಲ್ಲೇ ಕೈಬಿಟ್ಟುಹೋಯಿತು. ಬೆಂಗಳೂರಿನಲ್ಲಿ ಕಟ್ಟಿ 1992ರ ಜುಲೈಯಲ್ಲಿ ಹಾರಿಸಿದ ಇನ್ಸಾಟ್-2ಎ ಉಪಗ್ರಹದಲ್ಲಿ, ಫಲಕಗಳ ಎದುರು ಪಕ್ಕಕ್ಕೆ ಉದ್ದನೆಯ ಕೋಲು, ಅದರ ತುದಿಗೆ ಹಾಯಿ. ತಕ್ಕಡಿಯ ಎರಡೂ ತಟ್ಟೆ ಸಮವಾದಂತೆ! ಅದರ ಮೇಲೆ ಕಣ್ಣಿಟ್ಟು ಕಾಯುತ್ತಿದ್ದುದು ಹಾಸನದ ನಿಯಂತ್ರಣ ಕೇಂದ್ರ. ಆಗ ಇಸ್ರೋ ಅಧ್ಯಕ್ಷರಾಗಿದ್ದವರು ನಮ್ಮ ಉಡುಪಿ ಕಡೆಯ ಯು.ಆರ್. ರಾವ್.

ಇಷ್ಟು ಸಣ್ಣ ಬಲವನ್ನು ಪ್ರಯೋಗಶಾಲೆಯಲ್ಲಿ ದುಡಿಸಿಕೊಳ್ಳುವ ಉಪಾಯವೂ ಇದೆ. ಎರಡು ಕನ್ನಡಿಗಳನ್ನು ಎದುರುಬದುರು ಇಟ್ಟರೆ ನಡುವಿನ ಕುಹರದಲ್ಲಿ ಬೆಳಕು ಸಾವಿರಾರು ಸಲ ಹೋಗಿಬಂದು, ಪ್ರತಿ ಸಲವೂ ತಳ್ಳುತ್ತದೆ. ಕನ್ನಡಿ ಅಲುಗಿದರೆ ಒಳಗಿನ ಬೆಳಕೂ ಹೆಚ್ಚುಕಡಿಮೆಯಾಗುತ್ತದೆ, ಆದರೆ ತುಸು ತಡವಾಗಿ. ಗುಟ್ಟಿರುವುದು ಈ ತಡದಲ್ಲೇ. ಪಂಚಮಿಯ ಜೋಕಾಲಿ ನೆನೆಯಿರಿ: ಹೋಗುವಾಗ ನೂಕಿದರೆ ಏರುತ್ತದೆ, ಬರುವಾಗ ಎದುರು ನೂಕಿದರೆ ನಿಲ್ಲುತ್ತದೆ. ಲೇಸರಿನ ಬಣ್ಣವನ್ನು ಕೂದಲೆಳೆಯಷ್ಟು ಕೆಂಪಿನತ್ತ ಸರಿಸಿದರೆ ಕನ್ನಡಿಯ ನಡುಕ ಇಳಿಯುತ್ತದೆ, ನೀಲಿಯತ್ತ ಸರಿಸಿದರೆ ಏರುತ್ತದೆ. ಮಾಸ್ಕೋದ ಬ್ರಾಗಿನ್‌ಸ್ಕಿ 1967ರಲ್ಲೇ ಇದರ ದಾರಿ ತೋರಿಸಿದ್ದ. 2011ರಲ್ಲಿ ಅಮೆರಿಕದ ಕ್ಯಾಲ್‌ಟೆಕ್ ತಂಡ ಸಿಲಿಕಾನಿನ ಅತಿಸಣ್ಣ ತೊಲೆಯೊಂದರ ನಡುಕವನ್ನು, ನಿಸರ್ಗ ಬಿಡುವ ಕನಿಷ್ಠ ಮಟ್ಟದ ಹತ್ತಿರಕ್ಕೆ ಬೆಳಕಿನಿಂದಲೇ ಇಳಿಸಿತು.

2015ರಲ್ಲಿ ಗುರುತ್ವದ ಅಲೆಗಳನ್ನು ಹಿಡಿದ ಲೈಗೋ ಯಂತ್ರದ 40 ಕಿಲೋ ತೂಕದ ಕನ್ನಡಿಗಳನ್ನೂ ಬೆಳಕು ಅಲುಗಿಸುತ್ತದೆ. ಅಂಥದೇ ಯಂತ್ರವನ್ನು ಮಹಾರಾಷ್ಟ್ರದ ಹಿಂಗೋಲಿ ಜಿಲ್ಲೆಯಲ್ಲಿ ಕಟ್ಟಲು ಕೇಂದ್ರ ಸರ್ಕಾರ 2023ರಲ್ಲಿ 2,600 ಕೋಟಿ ರೂಪಾಯಿಗೆ ಒಪ್ಪಿಗೆ ಕೊಟ್ಟಿತು. ಅದರ ತೋಳುಗಳು ಎರಡು, ಒಂದೊಂದೂ 4 ಕಿಲೋಮೀಟರ್ ಉದ್ದ.