ಬ್ಯಾಂಕಾಕ್ ರಾಷ್ಟ್ರೀಯ ವಸ್ತುಸಂಗ್ರಹಾಲಯ

ಬ್ಯಾಂಕಾಕ್ ರಾಷ್ಟ್ರೀಯ ವಸ್ತುಸಂಗ್ರಹಾಲಯವು ಥೈಲ್ಯಾಂಡ್ ದೇಶದ ರಾಜಧಾನಿಯಲ್ಲಿರುವ, ಆ ದೇಶದ ಪ್ರಧಾನ ವಸ್ತುಸಂಗ್ರಹಾಲಯ. ಇದು ಹಳೆಯ ನಗರಭಾಗದಲ್ಲಿ ಸನಾಂ ಲುವಾಂಗ್ ಮೈದಾನದ ಪಕ್ಕದಲ್ಲಿದ್ದು, ಅರಮನೆಯೊಂದರ ಆವರಣವನ್ನೇ ತನ್ನ ನೆಲೆಯಾಗಿ ಮಾಡಿಕೊಂಡಿದೆ. ಥಾಯ್ ಭಾಷೆಯಲ್ಲಿ ವಸ್ತುಸಂಗ್ರಹಾಲಯಕ್ಕೆ 'ಫಿಫಿತ್ಥಫನ್' ಎನ್ನುತ್ತಾರೆ. ಇದು ಸಂಸ್ಕೃತದ 'ವಿವಿಧ' ಮತ್ತು 'ಭಾಂಡ' ಎಂಬ ಶಬ್ದಗಳಿಂದ ಬಂದುದು. ಇಲ್ಲಿನ ಅನೇಕ ಹೆಸರುಗಳು ಹೀಗೆಯೇ ಉಚ್ಚಾರಣೆಯಲ್ಲಿ ಅಪರಿಚಿತ, ಅರ್ಥದಲ್ಲಿ ಪರಿಚಿತ.

ಇತಿಹಾಸ

ಬ್ಯಾಂಕಾಕ್ 1782ರಲ್ಲಿ ರಾಜಧಾನಿಯಾದಾಗ ಮೊದಲನೆಯ ರಾಮ ದೊರೆಯು ತನ್ನ ತಮ್ಮನನ್ನು 'ಮಹಾ ಉಪರಾತ್', ಎಂದರೆ ಮಹಾ ಉಪರಾಜ, ಪದವಿಯಲ್ಲಿರಿಸಿದನು. ಆತನ ನಿವಾಸವೇ 'ವಾಂಗ್ ನಾ' ಅಥವಾ ಮುಂದಿನ ಅರಮನೆ. ಉಪರಾಜನಿಗೆ ಸ್ವಂತ ಸೈನ್ಯವೂ ಪರಿವಾರವೂ ಇದ್ದುದರಿಂದ ಈ ಪದವಿಯು ಮುಖ್ಯ ಅರಮನೆಗೆ ಪ್ರತಿಸ್ಪರ್ಧಿಯಾಗಬಲ್ಲದಾಗಿತ್ತು. 1885ರಲ್ಲಿ ಕೊನೆಯ ಉಪರಾಜನು ತೀರಿಕೊಂಡ ಬಳಿಕ ಚೂಲಾಲಾಂಗಕೊರ್ನ್ ದೊರೆಯು ಪದವಿಯನ್ನೇ ರದ್ದುಪಡಿಸಿ, 1887ರಲ್ಲಿ ರಾಜಸಂಗ್ರಹವನ್ನು ಇಲ್ಲಿಗೆ ಸಾಗಿಸಿದನು. ಅದಕ್ಕೆ ಮೊದಲು, 1874ರಿಂದ, ಈ ಸಂಗ್ರಹವನ್ನು ಮುಖ್ಯ ಅರಮನೆಯಲ್ಲಿ ಪ್ರದರ್ಶಿಸಲಾಗುತ್ತಿತ್ತು. 1926ರಲ್ಲಿ ಇಡೀ ಅರಮನೆಯು ಸಂಗ್ರಹಾಲಯದ ವಶಕ್ಕೆ ಬಂದಿತು. 1934ರಲ್ಲಿ ಅದು ಲಲಿತಕಲಾ ಇಲಾಖೆಯ ಅಧೀನದಲ್ಲಿ ರಾಷ್ಟ್ರೀಯ ವಸ್ತುಸಂಗ್ರಹಾಲಯವಾಯಿತು. ಗಣಪತಿಯ ಚಿತ್ರವು ಈ ಇಲಾಖೆಯ ಲಾಂಛನವಾಗಿರುವುದು ಗಮನಾರ್ಹ.

ರಾಮ್ ಖಾಂಹೇಂಗ್ ಶಾಸನ

ಸಂಗ್ರಹದ ಅತ್ಯಂತ ಪ್ರಸಿದ್ಧ ವಸ್ತುವೆಂದರೆ ನಾಲ್ಕು ಮುಖಗಳುಳ್ಳ ಒಂದು ಕಲ್ಲಿನ ಕಂಬ. ಮುಂದೆ ದೊರೆಯಾದ ಮೊಂಗ್‌ಕುಟ್, ಭಿಕ್ಷುವಾಗಿದ್ದಾಗ 1833ರಲ್ಲಿ ಇದನ್ನು ಸುಖೋಥಾಯ್ ನಗರದ ಅವಶೇಷಗಳಲ್ಲಿ ಕಂಡು ತಂದನೆಂದು ಹೇಳಲಾಗಿದೆ. ಕ್ರಿ.ಶ. 1292ರ ಕಾಲವನ್ನು ಸೂಚಿಸುವ ಈ ಶಾಸನವನ್ನು ಥಾಯ್ ಲಿಪಿಯ ಅತಿ ಪ್ರಾಚೀನ ಬರಹವೆಂದು ಪರಿಗಣಿಸಲಾಗುತ್ತದೆ. ವ್ಯಾಪಾರಿಗಳಿಂದ ದೊರೆ ಸುಂಕ ಪಡೆಯುತ್ತಿರಲಿಲ್ಲವೆಂದೂ, ದೂರುಳ್ಳ ಪ್ರಜೆಯು ಬಾರಿಸಲೆಂದು ಬಾಗಿಲಲ್ಲಿ ಗಂಟೆಯೊಂದನ್ನು ಕಟ್ಟಿಸಿದ್ದನೆಂದೂ ಇದರಲ್ಲಿದೆ. ಭಾರತೀಯ ಮೂಲದ ಲಿಪಿಗಳಲ್ಲಿ ಸ್ವರಚಿಹ್ನೆಗಳು ವ್ಯಂಜನದ ಮೇಲೆ, ಕೆಳಗೆ, ಪಕ್ಕದಲ್ಲಿ ಬರುವುದು ರೂಢಿ. ಇಲ್ಲಿಯಾದರೋ ಸ್ವರಗಳೂ ವ್ಯಂಜನಗಳ ಸಾಲಿನಲ್ಲಿಯೇ ಬರೆಯಲ್ಪಟ್ಟಿವೆ. ಇಂತಹ ವಿಶೇಷಗಳನ್ನು ಆಧಾರವಾಗಿಟ್ಟುಕೊಂಡು ಮೈಕೇಲ್ ವಿಕರಿ, ಪಿರಿಯ ಕ್ರೈರಿಕ್ಷ್ ಮೊದಲಾದ ವಿದ್ವಾಂಸರು ಇದು 19ನೆಯ ಶತಮಾನದ ಕೃತಿಯೆಂದು ವಾದಿಸಿದರು. ರಾಷ್ಟ್ರದ ಆರಂಭಕಥೆಯೇ ಇದನ್ನು ಅವಲಂಬಿಸಿದ್ದುದರಿಂದ ಥೈಲ್ಯಾಂಡಿನಲ್ಲಿ ಈ ವಾದವು ತೀವ್ರ ವಿರೋಧವನ್ನು ಎದುರಿಸಿತು. ಅದನ್ನು ಒಪ್ಪದ ವಿದ್ವಾಂಸರು ಬಹುಮಂದಿ. 2003ರಲ್ಲಿ ಯುನೆಸ್ಕೊ ಈ ಶಾಸನವನ್ನು ತನ್ನ 'ವಿಶ್ವದ ಸ್ಮೃತಿ' ಪಟ್ಟಿಗೆ ಸೇರಿಸಿತು.

ಬಂದ ವಸ್ತುಗಳು, ಮರಳಿದ ವಸ್ತುಗಳು

ಜಾವಾದ ಸಿಂಘಸಾರಿಯ ಗಣಪತಿಯು ತಲೆಬುರುಡೆಗಳ ಪೀಠದ ಮೇಲೆ ಕುಳಿತಿದೆ. ಗೌರಿಹಬ್ಬದ ಮರುದಿನ ಮನೆಗೆ ಬರುವ ಗಣಪನನ್ನಷ್ಟೇ ಬಲ್ಲವರಿಗೆ ಈ ರೂಪವು ಬೆರಗು ತರಿಸುವುದು ಸಹಜ. 1896ರಲ್ಲಿ ಜಾವಾಕ್ಕೆ ಹೋಗಿದ್ದ ಚೂಲಾಲಾಂಗಕೊರ್ನ್ ದೊರೆಗೆ ಡಚ್ ವಸಾಹತು ಸರ್ಕಾರವು ಬೊರೊಬುದೂರಿನ ಶಿಲ್ಪಗಳೊಡನೆ ಇದನ್ನೂ ಕೊಡುಗೆಯಾಗಿ ನೀಡಿತು. ಕೊಟ್ಟವರು ಆ ನೆಲದವರಲ್ಲ ಎಂಬುದನ್ನು ಮರೆಯುವಂತಿಲ್ಲ. ಸಿಂಘಸಾರಿಯದೇ ಆದ ಮತ್ತೊಂದು ಗಣಪತಿಯನ್ನು ನೆದರ್ಲೆಂಡ್ಸ್ 2023ರಲ್ಲಿ ಇಂಡೋನೇಷ್ಯಾಕ್ಕೆ ಹಿಂದಿರುಗಿಸಿತು. ಥೈಲ್ಯಾಂಡ್ ಕೂಡ ಕಳೆದುಕೊಂಡ ವಸ್ತುಗಳನ್ನು ಕೇಳಿ ಪಡೆದಿದೆ: ನೋಂಗ್ ಹೋಂಗ್ ಮತ್ತು ಖಾವೊ ಲೋನ್ ದೇವಾಲಯಗಳ ಕೆತ್ತನೆಯ ಎರಡು ಬಾಗಿಲುತೊಲೆಗಳು 2021ರಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊದಿಂದ ಮರಳಿ, ಇಲ್ಲಿಯೇ ಪ್ರದರ್ಶನಗೊಂಡವು.

ಬುದ್ಧೈಶ್ವರ್ಯ ಮಂದಿರ ಮತ್ತು ರಥಗಳು

ಆವರಣದೊಳಗಿನ 'ಫುತ್ಥೈಸವನ್' (ಬುದ್ಧೈಶ್ವರ್ಯ) ಮಂದಿರವನ್ನು ಮೊದಲನೆಯ ಉಪರಾಜನು ಕಟ್ಟಿಸಿದನು. ಇದರೊಳಗಿನ ಫ್ರ ಸಿಹಿಂಗ್ ಬುದ್ಧವಿಗ್ರಹವು ಸಿಂಹಳದಿಂದ ಬಂದಿತೆಂಬ ಪ್ರತೀತಿಯಿದ್ದರೂ ಶಿಲ್ಪಶೈಲಿ ಸುಖೋಥಾಯ್‌ಯದು. ಇದೇ ಹೆಸರಿನ ವಿಗ್ರಹಗಳು ಇನ್ನೆರಡು ಊರುಗಳಲ್ಲಿಯೂ ಇವೆ. ಗೋಡೆಗಳ ಮೇಲೆ ಬುದ್ಧಚರಿತೆಯ ಭಿತ್ತಿಚಿತ್ರಗಳಿವೆ.

ರಥಶಾಲೆಯಲ್ಲಿ ರಾಜರ ಅಂತ್ಯಕ್ರಿಯೆಯ ರಥಗಳನ್ನಿಡಲಾಗಿದೆ. ಅವುಗಳಲ್ಲಿ ದೊಡ್ಡದಾದ 'ಫ್ರ ಮಹಾ ಫಿಚೈ ರಾಚರೋತ್' (ಮಹಾ ವಿಜಯ ರಾಜರಥ) 1795ರಲ್ಲಿ ನಿರ್ಮಾಣಗೊಂಡಿತು. ಎತ್ತರ ಸುಮಾರು 11 ಮೀಟರ್, ತೂಕ 13 ಟನ್ನಿಗೂ ಅಧಿಕ. ಎಳೆಯಲು ಇನ್ನೂರಕ್ಕೂ ಹೆಚ್ಚು ಜನ ಬೇಕು. 2017ರ ಅಕ್ಟೋಬರಿನಲ್ಲಿ ಭೂಮಿಬೋಲ್ ದೊರೆಯ ಅಂತ್ಯಕ್ರಿಯೆಗೆ ಇದೇ ರಥವನ್ನು ಬಳಸಲಾಯಿತು.

ಸಂದರ್ಶನ

ಸೋಮವಾರ ಮತ್ತು ಮಂಗಳವಾರ ಸಂಗ್ರಹಾಲಯಕ್ಕೆ ರಜೆ. ನದಿಯ ದೋಣಿಯಲ್ಲಿ ಬರುವವರು ತಾ ಚಾಂಗ್ ಕಟ್ಟೆಯಲ್ಲಿಳಿದು ನಡೆದು ಬರಬಹುದು. ಆವರಣ ವಿಸ್ತಾರವಾದುದು, ಒಂದು ಕಟ್ಟಡದಿಂದ ಇನ್ನೊಂದಕ್ಕೆ ಬಿಸಿಲಿನಲ್ಲಿಯೇ ಹೋಗಬೇಕಾದುದರಿಂದ ವೃದ್ಧರೂ ಮಕ್ಕಳೂ ಇರುವ ಕುಟುಂಬಗಳಿಗೆ ಬೆಳಗಿನ ಹೊತ್ತು ಅನುಕೂಲ. ಮಕ್ಕಳಿಗೆ ರಥಶಾಲೆಯನ್ನು ಮೊದಲು ತೋರಿಸುವುದು ಲೇಸು. ಶಿಲ್ಪಗಳ ಸಾಲು ಅವರನ್ನು ಬೇಗ ದಣಿಸುತ್ತದೆ. ಮಂದಿರದೊಳಗೆ ಪಾದರಕ್ಷೆ ನಿಷಿದ್ಧ. ಬುದ್ಧವಿಗ್ರಹದ ಕಡೆಗೆ ಕಾಲು ಚಾಚಿ ಕುಳಿತುಕೊಳ್ಳಬಾರದು. ಮುಖ್ಯ ಅರಮನೆ ಮತ್ತು 46 ಮೀಟರ್ ಉದ್ದದ ಶಯನಬುದ್ಧನಿರುವ ವಾಟ್ ಫೊ ದೇವಾಲಯಗಳು ಇಲ್ಲಿಂದ ದಕ್ಷಿಣಕ್ಕಿವೆ. ಅರಮನೆಯನ್ನೂ ಅದೇ ದಿನ ನೋಡಬಯಸುವವರು ಭುಜ ಮತ್ತು ಮೊಣಕಾಲು ಮುಚ್ಚುವ ಉಡುಪಿನಲ್ಲಿಯೇ ಹೊರಡಬೇಕು.