ಟು ಡೇಟ್, ಟಿಲ್ ಡೇಟ್

ಕೋಲ್ಕತ್ತೆಯ ಕಚೇರಿಗಳಲ್ಲಿ ದುಡಿದ ಕನ್ನಡಿಗರಿಗೆ ‘ಟಿಲ್ ಡೇಟ್’ ಹೊಸದಲ್ಲ. ಇಷ್ಟು ಹಣ ಟಿಲ್ ಡೇಟ್ ಸಂದಾಯವಾಗಿದೆ, ಉತ್ತರ ಟಿಲ್ ಡೇಟ್ ಬಂದಿಲ್ಲ ಎಂಬ ಇಂಗ್ಲಿಷ್ ಪತ್ರಗಳು ದಿನವೂ ಮೇಜಿಗೆ ಬರುತ್ತವೆ. ಇಂಗ್ಲೆಂಡಿನ ರೂಢಿ ‘ಟು ಡೇಟ್’. ‘ಟಿಲ್’ ಎಂಬುದರ ಮುಂದೆ ‘ನೌ’ ಬರಬಹುದು, ‘ದಿಸ್ ಡೇ’ ಬರಬಹುದು. ಒಂಟಿಯಾದ ‘ಡೇಟ್’ ಬರುವುದಿಲ್ಲ. ಏಕೆಂದು ಕೇಳಿದರೆ ವ್ಯಾಕರಣ ಮೌನ ತಾಳುತ್ತದೆ. ‘ಟು ಡೇಟ್’ ಇಡಿಯಾಗಿ ಹೆಪ್ಪುಗಟ್ಟಿದ ನುಡಿ, ನಮ್ಮ ‘ಇದುವರೆಗೆ’ ಇದ್ದಂತೆ.

ತಪ್ಪಿನ ಬೇರು ಅಜ್ಞಾನದಲ್ಲಿಲ್ಲ ಎಂಬುದು ನನ್ನ ಊಹೆ. ಹೌರಾವರೆಗೆ, ನಾಳೆಯವರೆಗೆ ಎಂದು ದೇಶಕ್ಕೂ ಕಾಲಕ್ಕೂ ನಾವು ಒಂದೇ ಪ್ರತ್ಯಯವನ್ನು ಹಚ್ಚುತ್ತೇವೆ. ಬಂಗಾಳಿಗಳು ತಮ್ಮ ‘ಪರ್ಯಂತ’ವನ್ನು ಹಾಗೆಯೇ ಬಳಸುತ್ತಾರೆ. ಶಾಲೆಯಲ್ಲಿ ‘ಟಿಲ್’ ಎಂದರೆ ‘ವರೆಗೆ’ ಎಂದು ಕಲಿತವನು ಮುಂದಿನದನ್ನು ತರ್ಕದಿಂದ ಕಟ್ಟಿಕೊಂಡ. ಹೆಪ್ಪುಗಟ್ಟಿದ ನುಡಿಗೆ ಆ ತರ್ಕ ಒಗ್ಗಲಿಲ್ಲ, ಅಷ್ಟೆ.

ಈ ನಗರದಲ್ಲಿ ಇಂಥ ತಪ್ಪುಗಳಿಗೆ ಒಂದು ಚರಿತ್ರೆಯಿದೆ. ಹಿಂದೂ ಕಾಲೇಜು ತೆರೆದದ್ದು 1817ರ ಜನವರಿಯಲ್ಲಿ. 1837ರ ಕಾನೂನು ನ್ಯಾಯಾಲಯಗಳಿಂದ ಪಾರಸಿಯನ್ನು ಕದಲಿಸಿತು. 1857ರಲ್ಲಿ ವಿಶ್ವವಿದ್ಯಾಲಯ ಬಂತು. ಇಂಗ್ಲಿಷ್ ಅನ್ನದ ಭಾಷೆಯಾಯಿತು, ಆದರೆ ಮನೆಯಲ್ಲಿ ಕಿವಿಗೆ ಬೀಳದ ಭಾಷೆ. ಪುಸ್ತಕದಿಂದ, ಕೋರ್ಟಿನ ಕಾಗದಗಳಿಂದ ಪದಪುಂಜಗಳನ್ನು ಆಯ್ದು ಕೂಡಿಸಿಕೊಳ್ಳಬೇಕಾಯಿತು.

1873ರಲ್ಲಿ ಮಹೇಂದ್ರನಾಥ ಮುಖರ್ಜಿ ಎಂಬವರು ಕಲ್ಕತ್ತೆಯ ಹೈಕೋರ್ಟಿನ ನ್ಯಾಯಾಧೀಶರಾಗಿ ತೀರಿಕೊಂಡ ತಮ್ಮ ಬಂಧು ಅನುಕೂಲಚಂದ್ರ ಮುಖರ್ಜಿಯವರ ಜೀವನಚರಿತ್ರೆಯನ್ನು ಇಂಗ್ಲಿಷಿನಲ್ಲಿ ಪ್ರಕಟಿಸಿದರು. ಅದರಲ್ಲಿ ಲ್ಯಾಟಿನ್ ತುಣುಕುಗಳೂ ಹಳಸಿದ ನುಡಿಗಟ್ಟುಗಳೂ ಒಂದರ ಮೇಲೊಂದು ಪೇರಿಸಿ ಕುಳಿತಿವೆ. ಶೋಕದ ಪ್ರಸಂಗವನ್ನೂ ಆಂಗ್ಲ ಓದುಗರು ಓದಿ ಹೊಟ್ಟೆ ಹುಣ್ಣಾಗುವಂತೆ ನಕ್ಕರು. ‘ಬಾಬೂ ಇಂಗ್ಲಿಷ್’ ಎಂಬ ಬೈಗುಳಕ್ಕೆ ಆ ಪುಸ್ತಕ ಉದಾಹರಣೆಯಾಗಿ ನಿಂತಿತು. 1897ರಲ್ಲಿ ಎಫ್. ಆನ್‌ಸ್ಟೇ ಎಂಬ ಲೇಖಕ ಜಬ್ಬರ್ಜೀ ಎಂಬ ಬಾಬುವನ್ನು ಸೃಷ್ಟಿಸಿ ಆ ನಗೆಯನ್ನು ಇನ್ನಷ್ಟು ಬೆಳೆಸಿದ. ಮನೆಯ ಸಾವಿನ ಬಗ್ಗೆ ಪರಭಾಷೆಯಲ್ಲಿ ಬರೆಯಲು ಹೊರಟವನ ಧೈರ್ಯವನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

ಹಿಂದೂ ಕಾಲೇಜು ಹುಟ್ಟಿದ ಅದೇ 1817ರಲ್ಲಿ, ಹೂಗ್ಲಿಯ ಆಚೆ ದಂಡೆಯ ಶ್ರೀರಾಮಪುರದಲ್ಲಿ, ವಿಲಿಯಂ ಕೇರಿಯ ಕನ್ನಡ ವ್ಯಾಕರಣ ಅಚ್ಚಾಯಿತು. ಕನ್ನಡನಾಡಿನಿಂದ ಅಷ್ಟು ದೂರ ಕುಳಿತು ಬರೆದ ಆ ಕೃತಿಯನ್ನು ನಾವು ಗೌರವದಿಂದಲೇ ನೆನೆಯುತ್ತೇವೆ. ‘ಹೀಗೆ ಹೇಳುವುದಿಲ್ಲ, ಸ್ವಾಮಿ’ ಎಂದು ಪಂಡಿತರು ಕೇರಿಯನ್ನು ಎಷ್ಟು ಬಾರಿ ತಿದ್ದಿದ್ದರೋ!

ಆದರೂ ತಿದ್ದುವುದನ್ನು ನಾನು ಬಿಟ್ಟಿಲ್ಲ. ಪತ್ರವನ್ನು ಓದುವವನು ಲಂಡನ್ನಿನಲ್ಲಿದ್ದರೆ ‘ಟಿಲ್ ಡೇಟ್’ ಕಂಡೊಡನೆ ವಿಷಯವನ್ನು ಬಿಟ್ಟು ಬರೆದವನನ್ನು ಅಳೆಯತೊಡಗುತ್ತಾನೆ. ಇತ್ತೀಚೆಗೆ ಇಲ್ಲಿನ ಕನ್ನಡ ಗೆಳೆಯರ ಕೂಟದ ವರದಿಯಲ್ಲಿ ಅದನ್ನು ಹೊಡೆದುಹಾಕಿ ‘ಟು ಡೇಟ್’ ಎಂದು ಬರೆದೆ. ‘ಯಾಕೆ ಸಾರ್?’ ಎಂದ, ಬರೆದ ತರುಣ. ‘ಹಾಗೆ ಹೇಳುವುದಿಲ್ಲ, ಮಾರಾಯ’ ಎಂಬುದಕ್ಕಿಂತ ಹೆಚ್ಚಿನದೇನೂ ನನಗೆ ತೋಚಲಿಲ್ಲ. ಆತ ಒಪ್ಪಿ ತಿದ್ದಿಕೊಂಡ. ಕನ್ನಡ ಪ್ರತಿಯನ್ನು ಆಮೇಲೆ ನೋಡಿದೆ. ‘ಇದುವರೆಗೆ’ ಎಂದಿರಬೇಕಾದಲ್ಲೆಲ್ಲ ‘ತಾರೀಖಿನವರೆಗೆ’ ಎಂದಿತ್ತು.